ಟೈರ್ ಜಾರುತ್ತಿದೆಯಾ, ಬೇಗ ಸವೆಯುತ್ತಿದೆಯಾ? ಹೊಸದು ಕೊಳ್ಳುವ ಮುಂಚೆ ಹಳೆಯದನ್ನು ಓದಿ

2024ರ ಜುಲೈ. ಅರಬೈಲ್ ಘಾಟಿನ ಒಂದು ತಿರುವಿನಲ್ಲಿ ನನ್ನ ಬೈಕಿನ ಹಿಂದಿನ ಚಕ್ರ ಒಂದು ಗೇಣು ಪಕ್ಕಕ್ಕೆ ಸರಿಯಿತು. ವೇಗ ನಲವತ್ತು ಕೂಡ ಇರಲಿಲ್ಲ. ಬ್ರೇಕ್ ಮುಟ್ಟಿರಲಿಲ್ಲ. ಮಳೆ ಸಣ್ಣಗೆ ಹನಿಯುತ್ತಿತ್ತು, ಹಿಂದೆ ಹೆಂಡತಿ ಕೂತಿದ್ದಳು, ಎದುರಿಗೆ ಲಾರಿ ಹತ್ತಿ ಬರುತ್ತಿತ್ತು. ಚಕ್ರ ತಾನೇ ಮತ್ತೆ ಹಿಡಿತಕ್ಕೆ ಬಂತು. "ರೀ, ಏನಾತು?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅಂಕೋಲಾ ಮುಟ್ಟುವವರೆಗೂ ಹ್ಯಾಂಡಲ್ ಹಿಡಿದ ಬೆರಳು ಸಡಿಲ ಆಗಲೇ ಇಲ್ಲ.

ಆ ಟೈರ್ ಹಾಕಿಸಿ ಮೂರೇ ತಿಂಗಳಾಗಿತ್ತು. ಅದಕ್ಕೂ ಮುಂಚೆ ಇದ್ದದ್ದು ಮೆತ್ತನೆ ರಬ್ಬರಿನದು, ಚೆನ್ನಾಗಿ ಹಿಡಿಯುತ್ತಿತ್ತು, ಆದರೆ ಒಂಬತ್ತು ಸಾವಿರ ಕಿ.ಮೀ.ಗೆ ನಡುವೆ ಬೋಳಾಯಿತು. ಹಾಗಾಗಿ ಈ ಸಲ "ಜಾಸ್ತಿ ಬಾಳಿಕೆ ಬರೋದು ಕೊಡ್ರಿ" ಅಂತ ಕೇಳಿ ಗಟ್ಟಿ ಟೈರ್ ಹಾಕಿಸಿದ್ದೆ. ಅದು ಜಾರಿತು. ಹುಬ್ಬಳ್ಳಿಗೆ ವಾಪಸ್ ಬಂದ ಮೇಲೆ ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಮತ್ತೆ ಮೆತ್ತನೆಯದು ಹಾಕಿಸು. ಹಾಕಿಸಿದ್ದರೆ ಅದೂ ಒಂಬತ್ತು ಸಾವಿರಕ್ಕೆ ಮುಗಿಯುತ್ತಿತ್ತು. ಯಾಕೆಂದರೆ ಎರಡೂ ಸಲ ದೋಷ ಇದ್ದದ್ದು ರಬ್ಬರಿನ ಜಾತಿಯಲ್ಲಿ ಅಲ್ಲವೇ ಅಲ್ಲ. ಎರಡೂ ಟೈರ್ ತಮಗೆ ಏನಾಗಿದೆ ಅಂತ ತಮ್ಮ ಮೈಮೇಲೆ ಬರೆದುಕೊಂಡಿದ್ದವು, ನಾನು ನೋಡಿರಲಿಲ್ಲ ಅಷ್ಟೇ.

ಆಮೇಲೆ ಕೂತು ಒಂದೊಂದಾಗಿ ಹುಡುಕಿದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕ್ರಮ ಮುಖ್ಯ. ದುಡ್ಡು ಖರ್ಚಾಗದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ. ಗಾಳಿ, ಟೈರ್, ಶಾಕ್ಸ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ತೊಂದರೆ ಯಾವಾಗ ಬರುತ್ತದೆ?

"ಟೈರ್ ಸರಿ ಇಲ್ಲ" ಅನ್ನುವುದು ದೂರು ಆಯಿತು, ಲಕ್ಷಣ ಆಗಲಿಲ್ಲ. ಒಂದು ಕಾಗದದ ಮೇಲೆ ಇಷ್ಟು ಬರೆದುಕೊಳ್ಳಿ. ಜಾರುವುದು ಮುಂದಿನದೋ ಹಿಂದಿನದೋ? ಒದ್ದೆಯಲ್ಲಿ ಮಾತ್ರವೋ, ಒಣ ರಸ್ತೆಯಲ್ಲೂ ಹೌದೋ? ನೆಟ್ಟಗೆ ಹೋಗುವಾಗ ಬ್ರೇಕ್ ಹಿಡಿದರೋ, ತಿರುವಿನಲ್ಲಿ ವಾಲಿದಾಗಲೋ? ಹಿಂದೆ ಒಬ್ಬರು ಕೂತಾಗ ಜಾಸ್ತಿಯೋ ಕಡಿಮೆಯೋ? ಮನೆ ಬಿಟ್ಟ ಮೊದಲ ಹತ್ತು ನಿಮಿಷದಲ್ಲೋ, ಎರಡು ತಾಸು ಓಡಿದ ಮೇಲೋ?

ನನ್ನದು ಹೀಗಿತ್ತು: ಹಿಂದಿನದು, ಒದ್ದೆಯಲ್ಲಿ, ವಾಲಿದಾಗ, ಇಬ್ಬರಿದ್ದಾಗಲೂ ಒಬ್ಬನೇ ಇದ್ದಾಗಲೂ. ಒಣ ರಸ್ತೆಯಲ್ಲಿ ಜಾರುತ್ತಿರಲಿಲ್ಲ, ಆದರೆ ಪ್ರತಿ ಗುಂಡಿಯೂ ಸೊಂಟಕ್ಕೆ ನೇರವಾಗಿ ಬಡಿಯುತ್ತಿತ್ತು. ಆ ಕೊನೆಯ ಮಾತನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದರಲ್ಲೇ ಅರ್ಧ ಉತ್ತರ ಇತ್ತು.

ಮೊದಲು ಹವಾ

ಉಣಕಲ್ ಕೆರೆ ಕಡೆ ಹೋಗುವಾಗ ಒಂದು ಚಿಕ್ಕ ಪಂಕ್ಚರ್ ಅಂಗಡಿ ಇದೆ. ಅಲ್ಲಿಯ ಕಾಕಾಗೆ ನನ್ನ ಕಥೆಯೆಲ್ಲ ಹೇಳಿದೆ. ಅವರು ಟೈರನ್ನು ನೋಡಲೇ ಇಲ್ಲ. "ತಡಿ ತಮ್ಮಾ, ಮೊದ್ಲ ಹವಾ ನೋಡೂಣು" ಅಂದರು. ಗೇಜ್ ಚುಚ್ಚಿ, ಮುಳ್ಳು ನೋಡಿ, ನನ್ನ ಮುಖ ನೋಡಿದರು. "ಇಷ್ಟ ಹವಾ ಯಾರ್ ಹೊಡದಾರ? ಚಕ್ಕಡಿ ಗಾಲಿ ಆಗೇತಿ ಇದು."

ಬೈಕಿನ ಪುಸ್ತಕದಲ್ಲಿ ಹೇಳಿದ್ದಕ್ಕಿಂತ 9 ಪಿಎಸ್‌ಐ ಜಾಸ್ತಿ ಇತ್ತು. ನಾನು ಹದಿನೈದು ದಿನಕ್ಕೊಮ್ಮೆ ತಪ್ಪದೆ ಒಂದೇ ಬಂಕಿನಲ್ಲಿ ಹಾಕಿಸುತ್ತಿದ್ದೆ, ಸರಿಯಾದ ಅಂಕಿಯನ್ನೇ ಹೇಳುತ್ತಿದ್ದೆ. ಅಲ್ಲಿಯ ಮೀಟರೇ ತಪ್ಪು ತೋರಿಸುತ್ತಿತ್ತು. ಹಾಗಾಗಿ ನನ್ನ ಮೊದಲ ಸಲಹೆ, ಒಂದು ಸ್ವಂತ ಗೇಜ್ ಇಟ್ಟುಕೊಳ್ಳಿ. ಒಂದು ಊಟದ ಖರ್ಚಿಗೆ ಸಿಗುತ್ತದೆ, ಮತ್ತು ಯಾವ ಬಂಕಿನ ಮೀಟರ್ ಎಷ್ಟು ಆಚೀಚೆ ಇದೆ ಅಂತ ಒಂದೇ ವಾರದಲ್ಲಿ ತಿಳಿಯುತ್ತದೆ.

ಹವಾ ಜಾಸ್ತಿಯಾದರೆ ಟೈರ್ ಗಟ್ಟಿ ಉಂಡೆಯಂತಾಗಿ ರಸ್ತೆಗೆ ತಾಗುವ ಜಾಗ ಚಿಕ್ಕದಾಗುತ್ತದೆ. ನಡುವಿನ ಪಟ್ಟಿ ಬೇಗ ಸವೆಯುತ್ತದೆ, ಗುಂಡಿಯಲ್ಲಿ ಪುಟಿಯುತ್ತದೆ, ಒದ್ದೆಯಲ್ಲಿ ಹಿಡಿತ ಬಿಡುತ್ತದೆ. ಕಡಿಮೆಯಾದರೆ ಬೇರೆ ತರಹದ ತೊಂದರೆ. ಟೈರಿನ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಬಿಸಿಯಾಗುತ್ತದೆ, ಬಿಸಿಯಲ್ಲಿ ರಬ್ಬರ್ ಬೇಗ ಸವೆಯುತ್ತದೆ, ಹ್ಯಾಂಡಲ್ ಭಾರವಾಗುತ್ತದೆ, ತಿರುವಿನಲ್ಲಿ ಬೈಕ್ ಸೋಮಾರಿಯಂತೆ ವಾಲುತ್ತದೆ. "ಕಡಿಮೆ ಹವಾ ಇದ್ರ ಗ್ರಿಪ್ ಜಾಸ್ತಿ" ಅನ್ನುವ ಮಾತು ನಮ್ಮ ಕಡೆ ಬಹಳ ಕೇಳುತ್ತೇನೆ. ಹೊಲದ ಮಣ್ಣಿನಲ್ಲಿ ಅದು ನಿಜ. ಇಬ್ಬರನ್ನು ಕೂರಿಸಿಕೊಂಡು, ಎರಡು ಬ್ಯಾಗ್ ಕಟ್ಟಿಕೊಂಡು, ಏಪ್ರಿಲ್ ಬಿಸಿಲಲ್ಲಿ ಗದಗ ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುವವರಿಗೆ ಅದು ಅಪಾಯ.

ಹವಾ ನೋಡುವುದು ಬೆಳಿಗ್ಗೆ, ಬೈಕ್ ತಣ್ಣಗಿರುವಾಗ. ಹತ್ತು ಡಿಗ್ರಿ ಬಿಸಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಧಾರವಾಡದಿಂದ ಹೊರಟು ಹಾವೇರಿಯಲ್ಲಿ ಚಹಾಕ್ಕೆ ನಿಂತಾಗ ಅಳೆದರೆ ಜಾಸ್ತಿಯೇ ತೋರಿಸುತ್ತದೆ, ಅದು ಸಹಜ. ಅದನ್ನು ನೋಡಿ ಹವಾ ಬಿಡಬೇಡಿ. ಸಂಜೆ ತಣ್ಣಗಾದ ಮೇಲೆ ಕಡಿಮೆಯಾಗಿ ಕೂರುತ್ತದೆ. ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಅಂತ ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲೆ ಅಂಟಿಸಿರುತ್ತಾರೆ. ಟೈರಿನ ಗೋಡೆಯ ಮೇಲೆ ಅಚ್ಚಾಗಿರುವ ಒತ್ತಡ ಅದಲ್ಲ, ಅದು ಆ ಟೈರ್ ತಡೆಯುವ ಮಿತಿ. ಆ ಮಿತಿಯನ್ನೇ ಸರಿಯಾದ ಒತ್ತಡ ಅಂತ ತಿಳಿದು ಹಾಕಿಸುವವರನ್ನು ನಾನೇ ನೋಡಿದ್ದೇನೆ.

ಎರಡು ದಿನಕ್ಕೊಮ್ಮೆ ಹವಾ ಇಳಿಯುತ್ತಿದ್ದರೆ ವಾಲ್ ಬಾಯಿಗೆ ಒಂದು ಹನಿ ಎಂಜಲೋ ಸೋಪಿನ ನೀರೋ ಹಚ್ಚಿ ನೋಡಿ. ಗುಳ್ಳೆ ಬಂದರೆ ವಾಲ್ ಪಿನ್ ಬದಲಿಸಿದರೆ ಸಾಕು.

ಹವಾ ಸರಿ ಮಾಡಿದ ಮೇಲೆ ಗುಂಡಿಯ ಹೊಡೆತ ಅದೇ ದಿನ ನಿಂತಿತು. ಜಾರುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹಾಗಾಗಿ ಮುಂದಿನದಕ್ಕೆ ಹೋದೆ.

ಹುಟ್ಟಿದ ವಾರ

ಟೈರಿನ ಗೋಡೆ ಮೇಲೆ ಇಂಗ್ಲಿಷಿನಲ್ಲಿ ಡಾಟ್ (DOT) ಅಂತ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. ಮೊದಲ ಎರಡು ವಾರ, ಕೊನೆಯ ಎರಡು ಇಸವಿ. ಕೆಲವು ಟೈರ್‌ಗಳಲ್ಲಿ ಇದು ಒಂದೇ ಬದಿಗೆ ಇರುತ್ತದೆ, ಆದ್ದರಿಂದ ಎರಡೂ ಕಡೆ ಹುಡುಕಿ. ನಾನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚನ್ನು ಅಡ್ಡಲಾಗಿ ಹಿಡಿದೆ. ನೇರ ಬೆಳಕಿನಲ್ಲಿ ಕಪ್ಪಿನ ಮೇಲೆ ಕಪ್ಪು ಕಾಣುವುದಿಲ್ಲ, ಅಡ್ಡ ಬೆಳಕಿನಲ್ಲಿ ಅಂಕಿಯ ನೆರಳು ಬೀಳುತ್ತದೆ. 2219 ಅಂತ ಇತ್ತು. 2019ರ 22ನೇ ವಾರ. ನಾನು "ಹೊಸದು" ಅಂತ ದುಡ್ಡು ಕೊಟ್ಟು 2024ರ ಏಪ್ರಿಲ್‌ನಲ್ಲಿ ಹಾಕಿಸಿದ್ದ ಟೈರಿಗೆ ಆಗಲೇ ಐದು ವರ್ಷ ತುಂಬುತ್ತಾ ಬಂದಿತ್ತು.

ರಬ್ಬರ್ ಸುಮ್ನೆ ಇಟ್ಟರೂ ಮುದಿಯಾಗುತ್ತದೆ. ಬಿಸಿಲು, ಗಾಳಿ, ಸೆಕೆ ಎಲ್ಲ ಸೇರಿ ಅದರೊಳಗಿನ ಮೆದುತನ ತೆಗೆಯುತ್ತವೆ. ಅಂಗಡಿ ಮುಂದೆ ಬಿಸಿಲಿಗೆ ನೇತುಹಾಕಿದ ಟೈರಿಗಂತೂ ಇದು ಇನ್ನೂ ಬೇಗ ಆಗುತ್ತದೆ. ನೋಡಲು ಮಿರಿಮಿರಿ ಹೊಸದಾಗಿಯೇ ಇರುತ್ತದೆ, ಗೆರೆಗಳೂ ಆಳವಾಗಿರುತ್ತವೆ. ಒಣ ರಸ್ತೆಯಲ್ಲಿ ಮೋಸ ಗೊತ್ತಾಗುವುದಿಲ್ಲ. ಮಳೆ ಬಿದ್ದಾಗ ಗೊತ್ತಾಗುತ್ತದೆ. ಒಂದು ಸುಲಭ ಪರೀಕ್ಷೆ ಇದೆ. ಹೆಬ್ಬೆರಳಿನ ಉಗುರನ್ನು ಟೈರಿನ ಅಂಚಿನ ಕಡೆ ಸವೆಯದ ರಬ್ಬರಿಗೆ ಒತ್ತಿ. ತಾಜಾ ರಬ್ಬರ್ ಸ್ವಲ್ಪ ಒಳಗೆ ಹೋಗಿ, ಉಗುರು ತೆಗೆದ ಮೇಲೆ ಗುರುತು ನಿಧಾನ ಮಾಯವಾಗುತ್ತದೆ. ನನ್ನ ಟೈರ್ ಮೇಲೆ ಉಗುರು ಜಾರಿತು. ಪಕ್ಕದಲ್ಲಿದ್ದ ಗೆಳೆಯನ ಬೈಕಿನ ಮೇಲೆ ಒತ್ತಿ ನೋಡಿದೆ, ವ್ಯತ್ಯಾಸ ಬೆರಳಿಗೇ ತಿಳಿಯಿತು. ಇದು ಅಳತೆಯಲ್ಲ, ಹೋಲಿಕೆ ಅಷ್ಟೇ. ಆದರೆ ಅಂಗಡಿಯಲ್ಲಿ ಎರಡು ಟೈರ್ ಮುಂದಿಟ್ಟಾಗ ಇದು ಕೆಲಸಕ್ಕೆ ಬರುತ್ತದೆ.

ಅಂಗಡಿಯವರನ್ನು ಕೇಳಿದೆ. ಅವರಿಗೂ ಅಂಕಿ ಓದುವುದು ಗೊತ್ತಿತ್ತು, ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಈಗ ನಾನು ಟೈರ್ ರಿಮ್ಮಿಗೆ ಏರಿಸುವ ಮುಂಚೆಯೇ ಅಂಕಿ ನೋಡುತ್ತೇನೆ, ಒಂದು ವರ್ಷದೊಳಗಿನದನ್ನೇ ಕೇಳುತ್ತೇನೆ. ಏರಿಸಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಹಾಕಿಸಿದ್ದು ಐದು ವರ್ಷ ದಾಟಿದ್ದರೆ ಗೆರೆ ಎಷ್ಟೇ ಇರಲಿ, ವರ್ಷಕ್ಕೊಮ್ಮೆ ಬಿರುಕು ಇದೆಯಾ ಅಂತ ಬಿಚ್ಚಿ ನೋಡಿಸಿ.

ಪಾಲಿಶ್, ಮಣ್ಣು, ರಾಶಿ

ಇದು ಚಿಕ್ಕ ವಿಷಯ, ಆದರೆ ಇದರಿಂದಲೂ ಜನ ಬೀಳುತ್ತಾರೆ. ವಾಟರ್ ಸರ್ವಿಸ್ ಮಾಡಿಸಿದ ಮೇಲೆ ಹುಡುಗರು ಪ್ರೀತಿಯಿಂದ ಟೈರಿಗೂ ಪಾಲಿಶ್ ಹಚ್ಚುತ್ತಾರೆ. ಗೋಡೆಗೆ ಹಚ್ಚಿದ್ದು ಹರಿದು ಅಂಚಿಗೆ ಬರುತ್ತದೆ. ಮೊದಲ ತಿರುವಿನಲ್ಲಿ ವಾಲಿದಾಗ ಆ ಅಂಚೇ ರಸ್ತೆಗೆ ತಾಗುವುದು. "ಸರ್ವಿಸ್ ಮಾಡಿಸಿದ ದಿನವೇ ಜಾರಿತು" ಅನ್ನುವವರು ಬೇರೆ ಏನೂ ಹುಡುಕುವ ಮುಂಚೆ ಸೋಪಿನ ನೀರು, ಬ್ರಷ್ ಹಿಡಿದು ಅಂಚು ತಿಕ್ಕಿ ತೊಳೆಯಿರಿ. ಮುಂದಿನ ಸಲ ಬೈಕ್ ಬಿಡುವಾಗಲೇ "ಟೈರಿಗೆ ಏನೂ ಹಚ್ಚಬ್ಯಾಡ್ರಿ" ಅಂತ ಹೇಳಿ.

ಇನ್ನು ನಮ್ಮ ನೆಲದ್ದೇ ಕೆಲವು ಇವೆ. ನವಲಗುಂದ, ಅಣ್ಣಿಗೇರಿ ಕಡೆ ಎರೆ ಹೊಲದಿಂದ ಟ್ರ್ಯಾಕ್ಟರ್ ರಸ್ತೆಗೆ ಹತ್ತಿದಾಗ ಗಾಲಿಗೆ ಮೆತ್ತಿದ ಕರಿ ಮಣ್ಣು ಡಾಂಬರಿನ ಮೇಲೆ ಬೀಳುತ್ತದೆ. ಒಣಗಿದ್ದರೆ ಹುಡಿ, ನಾಲ್ಕು ಹನಿ ಮಳೆ ಬಿದ್ದರೆ ಬೆಣ್ಣೆ. ಆ ಮಣ್ಣು ಟೈರಿನ ಗೆರೆಯೊಳಗೆ ತುಂಬಿಕೊಂಡರೆ ಎಂಥ ದುಬಾರಿ ಟೈರೂ ಬೋಳು ಟೈರೇ. ಸುಗ್ಗಿಯಲ್ಲಿ ರಸ್ತೆ ಮೇಲೆ ಹರಡಿದ ರಾಶಿಯೂ ಹಾಗೆಯೇ. ಜೂನ್‌ನ ಮೊದಲ ಮಳೆಯಲ್ಲಿ ಬೇಸಿಗೆಯಿಡೀ ರಸ್ತೆಗೆ ಬಿದ್ದ ಎಣ್ಣೆ ಮೇಲೆ ತೇಲುತ್ತದೆ, ಮೊದಲ ಅರ್ಧ ತಾಸು ಎಲ್ಲ ಟೈರ್‌ಗಳೂ ಜಾರುತ್ತವೆ. ಇಂಥ ಕಡೆ ಜಾರಿದರೆ ಟೈರ್ ಬದಲಿಸಬೇಡಿ. ಒಂದು ಕಡ್ಡಿಯಿಂದ ಗೆರೆಗಳನ್ನು ಕೆದರಿ ಸ್ವಚ್ಛ ಮಾಡಿ, ಒಳ್ಳೆಯ ರಸ್ತೆಯಲ್ಲಿ ಮತ್ತೆ ಓಡಿಸಿ ನೋಡಿ.

ಸವೆತವನ್ನು ಓದುವುದು

ಈಗ ನಿಜವಾದ ಓದು. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಕೆಳಗೆ ಕೂತು, ಚಕ್ರವನ್ನು ನಿಧಾನ ತಿರುಗಿಸಿ. ಆತುರ ಬೇಡ, ಹತ್ತು ನಿಮಿಷ ಕೊಡಿ.

ಮೊದಲು ಗೆರೆಯ ಒಳಗೆ ಅಡ್ಡಲಾಗಿರುವ ಚಿಕ್ಕ ಉಬ್ಬು ಹುಡುಕಿ. ಗೋಡೆಯ ಮೇಲೆ ಟಿಡಬ್ಲ್ಯೂಐ (TWI, ಸವೆತದ ಸೂಚಕ) ಅಂತಲೋ ಒಂದು ಬಾಣದ ಗುರುತೋ ಇರುತ್ತದೆ, ಅದರ ನೇರಕ್ಕೆ ಸಿಗುತ್ತದೆ. ಮೇಲ್ಮೈ ಆ ಉಬ್ಬಿನ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ಮಳೆಗಾಲದಲ್ಲಿ ಘಾಟಿಗೆ ಹೋಗುವವರು ಅಲ್ಲಿಯವರೆಗೆ ಕಾಯಬಾರದು ಅನ್ನುವುದು ನನ್ನ ಅಭಿಪ್ರಾಯ. ನಾನು ಬೆಂಕಿಕಡ್ಡಿಯ ಹಿಂಬದಿಯನ್ನು ಗೆರೆಗೆ ಇಳಿಸಿ, ಉಗುರಿನಿಂದ ಗುರುತು ಹಿಡಿದು ಸ್ಕೇಲಿನ ಮೇಲೆ ಇಡುತ್ತೇನೆ. 2 ಮಿ.ಮೀ.ಗಿಂತ ಕಡಿಮೆ ಬಂದರೆ ಜೂನ್‌ಗೆ ಮುಂಚೆಯೇ ಬದಲಿಸುತ್ತೇನೆ. ನಡುವೆ, ಎಡಕ್ಕೆ, ಬಲಕ್ಕೆ ಮೂರೂ ಕಡೆ ಅಳೆಯಿರಿ. ಒಂದೇ ಕಡೆ ಅಳೆದರೆ ಕಥೆ ಅರ್ಧವೇ ಸಿಗುತ್ತದೆ.

ಹಿಂದಿನ ಟೈರ್ ನಡುವೆ ಮಾತ್ರ ಸವೆದು ಚಪ್ಪಟೆಯಾಗಿದೆಯಾ? ಒಂದು ಸ್ಕೇಲ್ ಅಡ್ಡ ಇಟ್ಟರೆ ದುಂಡಗಿನ ಬೆನ್ನಿನ ಬದಲು ಮಣೆಯಂಥ ಜಾಗ ಕಾಣುತ್ತದೆ. ಹುಬ್ಬಳ್ಳಿಯಿಂದ ಹಾವೇರಿ, ರಾಣೇಬೆನ್ನೂರು ಅಂತ 48ನೇ ಹೆದ್ದಾರಿಯಲ್ಲಿ ನೆಟ್ಟಗೆ ಓಡಿಸುವವರ ಟೈರೆಲ್ಲ ಹೀಗೆಯೇ ಆಗುತ್ತವೆ, ಅದರಲ್ಲಿ ತಪ್ಪಿಲ್ಲ. ಆದರೆ ಬೇಗ ಆಗುತ್ತಿದ್ದರೆ ಹವಾ ಜಾಸ್ತಿ ಇದೆ, ಅಥವಾ ಭಾರ ಜಾಸ್ತಿ ಇದೆ, ಅಥವಾ ನಿಮ್ಮ ಓಡಾಟಕ್ಕೆ ಆ ರಬ್ಬರ್ ತೀರಾ ಮೆತ್ತಗಿದೆ. ನನ್ನ ಮೊದಲ ಟೈರ್ ಒಂಬತ್ತು ಸಾವಿರಕ್ಕೆ ಮುಗಿದದ್ದು ಇದರಿಂದ. ಅದೇ ಬಂಕು, ಅದೇ ತಪ್ಪು ಮೀಟರ್. ಮನೆಯ ಅಟ್ಟದ ಮೇಲೆ ಆ ಹಳೆ ಟೈರ್ ಇನ್ನೂ ಬಿದ್ದಿತ್ತು, ಇಳಿಸಿ ನೋಡಿದರೆ ನಡುವೆ ಬೋಳು, ಎರಡೂ ಅಂಚಿನಲ್ಲಿ ಗೆರೆ ಹಾಗೇ ಉಳಿದಿದ್ದವು. ಒಳ್ಳೆಯ ರಬ್ಬರನ್ನು ನಾನೇ ಅರ್ಧಕ್ಕೆ ಎಸೆದಿದ್ದೆ.

ಚಪ್ಪಟೆಯಾದ ಟೈರ್ ಜಾರುವುದಕ್ಕಿಂತ ಮುಂಚೆ ಇನ್ನೊಂದು ಸೂಚನೆ ಕೊಡುತ್ತದೆ. ತಿರುವಿಗೆ ವಾಲಿಸಲು ಹೋದರೆ ಮೊದಲು ಬೈಕ್ ಒಪ್ಪುವುದಿಲ್ಲ, ಆಮೇಲೆ ಒಮ್ಮೆಲೇ ಬಿದ್ದಂತೆ ವಾಲುತ್ತದೆ. ಮಣೆಯ ಅಂಚು ದಾಟುವ ಕ್ಷಣ ಅದು. ಹಾಗೆ ಅನಿಸಿದರೆ ದೋಷ ನಿಮ್ಮ ಧೈರ್ಯದಲ್ಲಿಲ್ಲ, ಟೈರಿನ ಆಕಾರದಲ್ಲಿದೆ.

ಮುಂದಿನ ಟೈರನ್ನು ಕಣ್ಣಿಗಿಂತ ಕೈಯಿಂದ ನೋಡಬೇಕು. ಅಂಗೈಯನ್ನು ಟೈರಿನ ಮೇಲೆ ಹಗುರವಾಗಿ ಇಟ್ಟು ಚಕ್ರ ತಿರುಗುವ ದಿಕ್ಕಿಗೆ ಸವರಿ, ಆಮೇಲೆ ಉಲ್ಟಾ ಸವರಿ. ಒಂದು ದಿಕ್ಕಿಗೆ ನುಣ್ಣಗೆ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ತಾಗಿದರೆ, ಅಥವಾ ತಗ್ಗು ದಿನ್ನೆಯಂತೆ ಅಲೆ ಅಲೆ ಅನಿಸಿದರೆ, ಐವತ್ತು ಅರವತ್ತರಲ್ಲಿ ಮುಂದಿನಿಂದ ಗುಂಯ್ ಅನ್ನುವ ಸದ್ದು ಬರುತ್ತಿರುತ್ತದೆ. ಸ್ವಲ್ಪ ಹಲ್ಲು ಬರುವುದು ಬ್ರೇಕ್ ಹಿಡಿಯುವ ಯಾವ ಬೈಕಿಗೂ ಸಹಜ. ಅಲೆ ಎದ್ದಿದ್ದರೆ ಮಾತ್ರ ಹವಾ ಕಡಿಮೆ ಇಟ್ಟು ಓಡಿಸಿದ್ದೀರಿ, ಅಥವಾ ಫೋರ್ಕಿನ ಆಯಿಲ್ ಹಳತಾಗಿ ಚಕ್ರ ರಸ್ತೆ ಮೇಲೆ ಪುಟಪುಟ ಕುಣಿಯುತ್ತಿದೆ, ಅಥವಾ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್) ಸಡಿಲವಾಗಿದೆ, ಇಲ್ಲವೇ ಚಕ್ರದ ಬ್ಯಾಲೆನ್ಸ್ ತಪ್ಪಿದೆ. ಇದನ್ನು ಸರಿ ಮಾಡದೆ ಹೊಸ ಟೈರ್ ಹಾಕಿಸಿದರೆ ಅದಕ್ಕೂ ಅದೇ ಅಲೆ ಬರುತ್ತದೆ.

ಒಂದೇ ಒಂದು ಜಾಗದಲ್ಲಿ ಬೋಳಾಗಿದ್ದರೆ ಯಾವಾಗಲೋ ಬ್ರೇಕ್ ಕಚ್ಚಿ ಚಕ್ರ ಉಜ್ಜಿಕೊಂಡು ಹೋಗಿದೆ. ಒಂದು ಬದಿ ಇನ್ನೊಂದಕ್ಕಿಂತ ಸ್ವಲ್ಪ ಜಾಸ್ತಿ ಸವೆದಿದ್ದರೆ ಚಿಂತೆ ಬೇಡ. ಎದ್ದು ಕಾಣುವಷ್ಟಿದ್ದರೆ ಚಕ್ರ ನೇರ ಇಲ್ಲ. ಗೋಡೆಯ ಮೇಲೆ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ನೂಲು ಹರಿದಿದೆ. ಆ ಬೈಕನ್ನು ಅಲ್ಲೇ ನಿಲ್ಲಿಸಿ, ಅಂಗಡಿಗೂ ಓಡಿಸಿಕೊಂಡು ಹೋಗಬೇಡಿ.

ಬೈಕಿನ ದೋಷವನ್ನು ಟೈರಿನ ತಲೆಗೆ ಕಟ್ಟಬೇಡಿ

ಮುಂದಿನ ಚಕ್ರ ನೆಲ ಬಿಟ್ಟು ಎತ್ತಿ, ಹ್ಯಾಂಡಲನ್ನು ನಿಧಾನ ಎಡಕ್ಕೆ ಬಲಕ್ಕೆ ತಿರುಗಿಸಿ. ನಡುವೆ ಎಲ್ಲೋ ಗುಣಿಗೆ ಬಿದ್ದಂತೆ ಕಚ್ಚಿಕೊಂಡರೆ ಕೋನ್ ಸೆಟ್ ಹೋಗಿದೆ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ, ಟಕ್ ಟಕ್ ಅಂದರೆ ಸಡಿಲ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ, ಆಟ ಇದ್ದರೆ ಬೇರಿಂಗ್. ಹಿಂದಿನದಕ್ಕೂ ಇದೇ, ಜೊತೆಗೆ ಸ್ವಿಂಗ್ ಆರ್ಮಿನ ಬುಷ್ ನೋಡಿ. ಸ್ಪೋಕ್ ಇದ್ದರೆ ಸ್ಪ್ಯಾನರಿನಿಂದ ಒಂದೊಂದನ್ನೂ ಮೆಲ್ಲಗೆ ತಟ್ಟಿ, ಟಣ್ ಅನ್ನದೆ ದಪ್ ಅಂದದ್ದು ಸಡಿಲ.

ಚಕ್ರ ನೇರ ಇದೆಯಾ ಅಂತ ನೋಡಲು ದಾರ ಸಾಕು. ಉದ್ದ ದಾರವನ್ನು ಹಿಂದಿನ ಟೈರಿನ ಹಿಂಭಾಗಕ್ಕೆ ಸುತ್ತಿ, ಎರಡೂ ಬದಿಯಿಂದ ಮುಂದಿನ ಚಕ್ರದವರೆಗೆ ಎಳೆಯಿರಿ. ಪ್ರತಿ ಬದಿಯಲ್ಲೂ ಹಿಂದಿನ ಟೈರಿನ ಹಿಂದಂಚಿಗೂ ಮುಂದಂಚಿಗೂ ದಾರ ಹಗುರವಾಗಿ ತಾಗಿರಬೇಕು. ಮುಂದಿನ ಟೈರ್ ತೆಳುವಾಗಿರುವುದರಿಂದ ಅಲ್ಲಿ ಎರಡೂ ಕಡೆ ಸಂದು ಉಳಿಯುತ್ತದೆ. ಆ ಸಂದು ಎರಡೂ ಕಡೆ ಒಂದೇ ಇದ್ದರೆ ಸರಿ. ನನ್ನದರಲ್ಲಿ ಎಡಕ್ಕೆ ಒಂದು ಬೆರಳು, ಬಲಕ್ಕೆ ಬರೀ ಒಂದು ಕಡ್ಡಿಯಷ್ಟು ಇತ್ತು. ಚೈನ್ ಬಿಗಿ ಮಾಡಿದಾಗ ಎರಡೂ ಅಡ್ಜಸ್ಟರಿನ ಗುರುತು ಸಮ ಇಟ್ಟಿದ್ದರು, ಗುರುತೇ ಸರಿ ಇರಲಿಲ್ಲ. ಅರ್ಧ ತಾಸಿನ ಕೆಲಸ, ಸರಿಹೋಯಿತು.

ಈಗ ಆಯ್ಕೆ

ಇಷ್ಟೆಲ್ಲ ಆದ ಮೇಲೂ ಟೈರ್ ಬದಲಿಸಲೇಬೇಕು ಅಂತಾದರೆ, ಪ್ರಶ್ನೆ "ಯಾವುದು ಚಲೋ?" ಅಂತ ಇರಬಾರದು. ನಿಮ್ಮ ವರ್ಷದ ಕಿಲೋಮೀಟರ್ ಎಲ್ಲಿ ಕಳೆಯುತ್ತದೆ, ನಿಮಗೆ ಭಯ ಆಗುವುದು ಎಲ್ಲಿ, ಈ ಎರಡನ್ನೂ ಬರೆಯಿರಿ. ನನ್ನದು ಹತ್ತರಲ್ಲಿ ಏಳು ಪಾಲು ನೆಟ್ಟಗಿನ ಹೆದ್ದಾರಿ ಮತ್ತು ಊರೊಳಗಿನ ಓಡಾಟ. ಆದರೆ ಭಯ ಇರುವುದು ಉಳಿದ ಮೂರು ಪಾಲಿನಲ್ಲಿ: ಕಲಘಟಗಿ ದಾಟಿ ಯಲ್ಲಾಪುರದ ಕಾಡು, ಅರಬೈಲ್, ಹಳಿಯಾಳದಿಂದ ದಾಂಡೇಲಿಗೆ ಹೋಗುವಾಗ ಮರದಡಿ ಒಣಗದೇ ಇರುವ ರಸ್ತೆ, ಕೊಳೆತ ಎಲೆ, ಪಾಚಿ. ಬಾಳಿಕೆ ಬೇಕಾದದ್ದು ನಡುವಿಗೆ, ಹಿಡಿತ ಬೇಕಾದದ್ದು ಅಂಚಿಗೆ.

ಇದಕ್ಕೇ ಎರಡು ರಬ್ಬರಿನ ಟೈರ್‌ಗಳು ಬಂದಿವೆ, ಡ್ಯುಯಲ್ ಕಾಂಪೌಂಡ್ ಅಂತ ಕರೆಯುತ್ತಾರೆ. ನಡುವಿನ ಪಟ್ಟಿ ಗಟ್ಟಿ, ಎರಡೂ ಅಂಚು ಮೆತ್ತಗೆ. ಟೂರಿಂಗ್ ಟೈರ್ ಅಂತ ಮಾರುವ ಹಲವು ಹೀಗೇ ಇರುತ್ತವೆ. ಇನ್ನೊಂದು ಕೇಳಬೇಕಾದದ್ದು ಸಿಲಿಕಾ. ಕಪ್ಪು ಕಾರ್ಬನ್ ಜೊತೆ ಸಿಲಿಕಾ ಸೇರಿಸಿದ ರಬ್ಬರ್ ತಣ್ಣಗಿರುವಾಗ, ಒದ್ದೆಯಲ್ಲಿ ಮೆದುವಾಗಿ ಉಳಿಯುತ್ತದೆ. ನಮ್ಮ ವೇಗಕ್ಕೆ ಒದ್ದೆಯಲ್ಲಿ ಹಿಡಿಯುವ ಕೆಲಸದಲ್ಲಿ ರಬ್ಬರಿನ ಪಾಲೇ ದೊಡ್ಡದು. ಗೆರೆಗಳು ನಿಂತ ನೀರನ್ನು ಹೊರಗೆ ಹಾಕಲು. ಗೆರೆ ತುಂಬಾ ಇದ್ದರೆ ಗ್ರಿಪ್ ತುಂಬಾ ಅಂತ ತಿಳಿದು ಡಾಂಬರಿನ ಮೇಲೆ ಓಡಿಸಲು ದಪ್ಪ ದಪ್ಪ ಗಡ್ಡೆಗಳ ಟೈರ್ ಹಾಕಿಸುವವರಿದ್ದಾರೆ. ಡಾಂಬರಿಗೆ ತಾಗುವ ರಬ್ಬರ್ ಅದರಲ್ಲಿ ಕಡಿಮೆ, ಗಡ್ಡೆಗಳು ವಾಲಿದಾಗ ಅಲುಗುತ್ತವೆ, ಬೇಗ ಸವೆಯುತ್ತವೆ, ಸದ್ದೂ ಜಾಸ್ತಿ. ಕಪ್ಪತಗುಡ್ಡದ ಕಚ್ಚಾ ದಾರಿಯಲ್ಲಿ ವಾರವಾರ ಓಡಾಡುವವರಿಗೆ ಅದು ಸರಿ. ತಿಂಗಳಿಗೊಮ್ಮೆ ಹೊಲಕ್ಕೆ ಹೋಗುವವರಿಗೆ ಬೇಡ.

ಊರೊಳಗೆ ಮತ್ತು ಗದಗ, ಹಾವೇರಿ ಅಂತ ನೆಟ್ಟಗೆ ಮಾತ್ರ ಓಡಾಡುವವರು ಸಾಮಾನ್ಯ ಗಟ್ಟಿ ಟೈರನ್ನೇ ಧೈರ್ಯವಾಗಿ ಹಾಕಿಸಿ. ತಾಜಾ ಇರಲಿ, ಹವಾ ಸರಿ ಇರಲಿ, ಸಾಕು.

ಅಂಕಿಗಳ ವಿಷಯ. ನನ್ನದು 350 ಸಿಸಿ ಬೈಕ್, ಹಿಂದೆ 120/80-18, ಅದರ ಮುಂದೆ 62ಪಿ ಅಂತ ಇದೆ. 120 ಅಗಲ ಮಿ.ಮೀ.ನಲ್ಲಿ, 80 ಅಂದರೆ ಎತ್ತರ ಅಗಲದ ನೂರಕ್ಕೆ ಎಂಬತ್ತು, 18 ಇಂಚು ರಿಮ್. 62 ಅಂದರೆ 265 ಕೆ.ಜಿ. ಹೊರುತ್ತದೆ, ಪಿ ಅಂದರೆ ಗಂಟೆಗೆ 150 ಕಿ.ಮೀ.ವರೆಗೆ. ಟೂರಿಗೆ ಹೋಗುವವರು ಈ ಭಾರದ ಅಂಕಿಯನ್ನು ಯಾವತ್ತೂ ಇಳಿಸಬಾರದು. ಬೈಕಿನ ಹಿಂಭಾಗದ ಭಾರ, ಇಬ್ಬರು ಜನ, ಬ್ಯಾಗ್, ಬರುವಾಗ ಬ್ಯಾಡಗಿಯಿಂದ ಕಟ್ಟಿಕೊಂಡ ಮೆಣಸಿನಕಾಯಿ ಚೀಲ ಎಲ್ಲ ಹೆಚ್ಚುಕಡಿಮೆ ಆ ಒಂದು ಟೈರಿನ ಮೇಲೇ ಕೂರುವುದು.

ನೋಡಲು ಚಂದ ಅಂತ 120ರ ಜಾಗಕ್ಕೆ 140 ಹಾಕಿಸಬೇಡಿ. ಅದೇ ರಿಮ್ಮಿನಲ್ಲಿ ಅಗಲ ಟೈರ್ ಕೂರಿಸಿದರೆ ಎರಡೂ ಬದಿಯಿಂದ ಹಿಸುಕಿದಂತಾಗಿ ನಡು ಮೇಲೇಳುತ್ತದೆ. ರಸ್ತೆಗೆ ತಾಗುವ ಜಾಗ ಸರಿಯಾಗಿ ಬೀಳುವುದಿಲ್ಲ, ಬೈಕ್ ವಾಲಲು ಭಾರವಾಗುತ್ತದೆ, ಕೆಲವದರಲ್ಲಿ ಚೈನಿಗೂ ತಾಗುತ್ತದೆ. ಗ್ರಿಪ್ ಹುಡುಕಿ ಹೋದವರು ಗ್ರಿಪ್ ಕಳೆದುಕೊಂಡು ಬರುತ್ತಾರೆ. ಒಂದು ಚಕ್ರಕ್ಕೆ ರೇಡಿಯಲ್ (ಒಳಗಿನ ನೂಲು ಅಂಚಿನಿಂದ ಅಂಚಿಗೆ ನೇರವಾಗಿ ಹೋಗುವುದು), ಇನ್ನೊಂದಕ್ಕೆ ನೂಲು ಓರೆಯಾಗಿ ಹೆಣೆದ ಸಾಮಾನ್ಯ ಟೈರ್ ಅಂತ ಬೆರೆಸುವುದೂ ಬೇಡ. ಅಳತೆಯಲ್ಲಿ ಆರ್ ಅಕ್ಷರ ಇದ್ದರೆ ರೇಡಿಯಲ್.

17 ಇಂಚಿನ ರಿಮ್ ಇರುವವರಿಗೆ ಟೂರಿಂಗ್ ಟೈರಿನ ಆಯ್ಕೆ ಜಾಸ್ತಿ. ನನ್ನಂತೆ 18, 19 ಇಂಚಿನವರಿಗೆ ಕಡಿಮೆ, ಸ್ವಲ್ಪ ಕಾಯಬೇಕಾಗುತ್ತದೆ. ಕಾಯಿರಿ. ಇದ್ದದ್ದನ್ನೇ ಹಾಕಿಸಿಕೊಂಡು ಬರುವುದು ಬೇಡ. ನಾನು ಹದಿನೆಂಟು ದಿನ ಕಾದು ಎರಡು ರಬ್ಬರಿನದನ್ನು ತರಿಸಿಕೊಂಡೆ.

ಹಾಕಿಸುವ ದಿನ ಮತ್ತು ಆಮೇಲೆ

ಎದುರಿಗೇ ನಿಂತು ಹಾಕಿಸಿ. ಗೋಡೆಯ ಮೇಲಿನ ಬಾಣ ಚಕ್ರ ತಿರುಗುವ ದಿಕ್ಕಿಗೇ ಇರಬೇಕು. ಸ್ಪೋಕ್ ಚಕ್ರಕ್ಕೆ ಹೊಸ ಟೈರ್ ಜೊತೆ ಹೊಸ ಟ್ಯೂಬ್ ಹಾಕಿಸಿ, ಹಿಗ್ಗಿದ ಹಳೆ ಟ್ಯೂಬ್ ಒಳಗೆ ಮಡಚಿಕೊಳ್ಳುತ್ತದೆ. ಹವಾ ತುಂಬಿದ ಮೇಲೆ ರಿಮ್ ಪಕ್ಕ ಟೈರಿನ ಸುತ್ತ ಒಂದು ಸಣ್ಣ ಗೆರೆ ಕಾಣುತ್ತದೆ, ಅದು ಸುತ್ತಲೂ ರಿಮ್ಮಿನಿಂದ ಒಂದೇ ದೂರದಲ್ಲಿರಬೇಕು. ಒಂದು ಕಡೆ ಒಳಗೆ ಹೋಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ, ಚಕ್ರ ಕುಣಿಯುತ್ತದೆ. ಬ್ಯಾಲೆನ್ಸಿಂಗ್ ಮಾಡುವ ಕಡೆ ಮಾಡಿಸಿ.

ಮೊದಲ 150 ಕಿ.ಮೀ. ಮೆತ್ತಗೆ ಓಡಿಸಿ. ಹೊಸ ರಬ್ಬರಿನ ಮೇಲ್ಮೈ ನುಣುಪಾಗಿರುತ್ತದೆ, ಸ್ವಲ್ಪ ಉಜ್ಜಿದ ಮೇಲೇ ಹಿಡಿಯುವುದು. ಅಂಚು ಕೂಡ ಉಜ್ಜಬೇಕು, ಆದ್ದರಿಂದ ಬರೀ ಹೆದ್ದಾರಿಯಲ್ಲಿ ಹೋದರೆ ಆಗದು, ನಿಧಾನವಾಗಿ ತಿರುವುಗಳಲ್ಲೂ ಓಡಿಸಿ. ಮಳೆಯಲ್ಲಿ ಹೊಸ ಟೈರ್ ಹಾಕಿಸಿಕೊಂಡು ಅದೇ ದಿನ ಘಾಟಿಗೆ ಹೊರಡಬೇಡಿ.

500 ಕಿ.ಮೀ. ಆದ ಮೇಲೆ ಬೆಂಕಿಕಡ್ಡಿಯಿಂದ ಮೂರೂ ಕಡೆ ಅಳೆದು, ತಾರೀಖು, ಮೀಟರಿನ ಅಂಕಿ ಸಮೇತ ಬರೆದಿಡಿ. ಆಮೇಲೆ ಎರಡು ಸಾವಿರಕ್ಕೊಮ್ಮೆ. ನಡು ಬೇಗ ಇಳಿಯುತ್ತಿದ್ದರೆ ಗೇಜ್ ಮತ್ತೆ ನೋಡಿ. ಅಂಗೈಗೆ ಅಲೆ ತಾಗಿದರೆ ಫೋರ್ಕು, ಕೋನ್ ಸೆಟ್. ಒಂದು ಬದಿ ಇಳಿದರೆ ದಾರ ತೆಗೆಯಿರಿ. ನನ್ನ ಹೊಸ ಟೈರಿಗೆ ಈಗ ಹನ್ನೊಂದು ಸಾವಿರ ಕಿ.ಮೀ. ಆಗಿದೆ, ನಡುವೆ ಇನ್ನೂ 3 ಮಿ.ಮೀ. ಇದೆ. 2025ರ ಮಳೆಗಾಲದಲ್ಲಿ ಅರಬೈಲಿನ ಅದೇ ತಿರುವಿನಲ್ಲಿ ಅಷ್ಟೇ ವೇಗದಲ್ಲಿ ಇಳಿದೆವು. ಹೆಂಡತಿ ಹಿಂದಿನಿಂದ ಭುಜ ಬಿಗಿಯಾಗಿ ಹಿಡಿದಿದ್ದಳು, ತಿರುವು ದಾಟಿದ ಮೇಲೆ ಕೈ ಸಡಿಲ ಬಿಟ್ಟಳು.